ಕರ್ನಲ್ ಲ್ಯಾಂಬ್ಟನ್ ಮತ್ತು ತೂಗುಗುಂಡು

ಕೆಳಗೆ ಎಂದರೆ ಯಾವ ಕಡೆ ಎಂದು ಯಾರಾದರೂ ಕೇಳಿದರೆ ನಮಗೆ ನಗು ಬಂದೀತು. ಕೈಯಲ್ಲಿ ಹಿಡಿದ ಕಲ್ಲನ್ನು ಬಿಟ್ಟರೆ ಅದು ಯಾವ ಕಡೆಗೆ ಬೀಳುವುದೋ ಅದೇ ಕೆಳಗೆ. ಇದರಲ್ಲಿ ಕೇಳುವುದೇನಿದೆ ಎಂದುಬಿಡುತ್ತೇವೆ. ಮನೆ ಕಟ್ಟುವ ಗಾರೆಯವನೂ ಹೀಗೆಯೇ ನಂಬಿದವನು. ದಾರದ ತುದಿಗೆ ಒಂದು ಗುಂಡು ಕಟ್ಟಿ ಇಳಿಬಿಡುತ್ತಾನೆ. ಗುಂಡಿನ ಓಲಾಟ ನಿಂತ ಮೇಲೆ ದಾರ ತೋರಿದ್ದೇ ನೇರ, ಅದಕ್ಕೆ ಹೊಂದದ ಗೋಡೆಯೇ ಸೊಟ್ಟ. ಈ ತೂಗುಗುಂಡಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲವೆಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಇಂದಿಗೆ ಸುಮಾರು ಇನ್ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನ ಬಯಲಿನಲ್ಲಿ ನಿಂತು, ತೂಗುಗುಂಡು ತೋರಿಸಿದ ಕೆಳಗು ತನಗೆ ಬೇಕಾದ ಕೆಳಗಲ್ಲವೆಂದು ಲೆಕ್ಕ ಹಾಕಿ ಕಂಡುಕೊಂಡವನೊಬ್ಬನಿದ್ದನು. ಆತನೇ ಕರ್ನಲ್ ವಿಲಿಯಂ ಲ್ಯಾಂಬ್ಟನ್.

ಜಾರ್ಜ್ ಎವರೆಸ್ಟನ ಹೆಸರು ಜಗತ್ತಿನ ಅತ್ಯುನ್ನತ ಶಿಖರಕ್ಕೆ ಅಂಟಿಕೊಂಡು ಶಾಲೆಯ ಮಕ್ಕಳ ಬಾಯಿಯಲ್ಲಿಯೂ ನಲಿದಾಡುತ್ತಿದೆ. ಎವರೆಸ್ಟನಿಗೆ ಮೊದಲು ಅದೇ ಕೆಲಸವನ್ನು ಹೂಡಿ, ಇಪ್ಪತ್ತು ವರ್ಷಕ್ಕೂ ಮೀರಿ ನಡೆಸಿ, ಅದರಲ್ಲಿಯೇ ಸವೆದುಹೋದ ಲ್ಯಾಂಬ್ಟನ್ನನ ಹೆಸರು ಭೂಮಾಪನ ಶಾಸ್ತ್ರದ ಚರಿತ್ರೆಯನ್ನು ಬಲ್ಲವರಿಗೆಲ್ಲ ಚಿರಪರಿಚಿತವಾದರೂ ಆತನ ಹೆಸರನ್ನು ಹೊತ್ತ ಬೆಟ್ಟವೊಂದು ನಮ್ಮ ಭೂಪಟದಲ್ಲಿ ಮೆರೆಯುತ್ತಿಲ್ಲ. ಆತನ ಬಾಳಿನ ಮುಖ್ಯವಾದ ಘಟ್ಟಗಳು ಕನ್ನಡದ ನೆಲದ ಮೇಲೆಯೇ ನಡೆದುವೆಂಬುದೂ, ಗುರುತ್ವದ ದಿಕ್ಕಿನ ವಿಷಯದಲ್ಲಿ ಆತ ಎದುರಿಸಿದ ಸಮಸ್ಯೆ ಇಂದಿಗೂ ವಿಜ್ಞಾನಿಗಳ ಲೆಕ್ಕದ ಪುಸ್ತಕದಲ್ಲಿ ಜೀವಂತವಾಗಿದೆಯೆಂಬುದೂ ಈ ಚರಿತ್ರೆಯನ್ನು ಬರೆಯಲು ನನ್ನನ್ನು ಪ್ರೇರಿಸಿದುವು.

ಲ್ಯಾಂಬ್ಟನ್ ಹುಟ್ಟಿದುದು ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನ ಕ್ರಾಸ್ಬಿ ಗ್ರೇಂಜ್ ಎಂಬಲ್ಲಿ, ೧೭೫೦ರ ದಶಕದಲ್ಲಿ. ತಂದೆತಾಯಿಗಳು ಬಡವರು. ನಾರ್ತಲರ್ಟನ್ನಿನ ಶಾಲೆಯಲ್ಲಿ ಗಣಿತದ ರುಚಿ ಹತ್ತಿದ ಈ ಹುಡುಗನು ೧೭೮೧ರಲ್ಲಿ ಸೈನ್ಯದಲ್ಲಿ ಸಣ್ಣ ಅಧಿಕಾರಿಯಾಗಿ ಸೇರಿದನು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರು ಸೋತ ಬಳಿಕ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಸೈನ್ಯದ ವಸತಿಗಳನ್ನು ನೋಡಿಕೊಳ್ಳುವ ಚಿಕ್ಕ ಹುದ್ದೆಯಲ್ಲಿ ಹತ್ತಾರು ವರ್ಷ ಕಳೆದನು. ಇತರರಿಗೆ ಬೇಸರವನ್ನು ತರಬಹುದಾಗಿದ್ದ ಆ ಏಕಾಂತವು ಆತನಿಗೆ ವಿಶ್ವವಿದ್ಯಾನಿಲಯವಾಯಿತು. ಹೊಸದಾಗಿ ನೆಲೆಸಲು ಬಂದವರಿಗೆ ಜಮೀನು ಅಳೆದುಕೊಡುತ್ತ, ಉಳಿದ ವೇಳೆಯಲ್ಲಿ ಗಣಿತ ಖಗೋಳಗಳನ್ನು ತಾನೇ ಓದಿ ಕರಗತ ಮಾಡಿಕೊಂಡನು. ಸೂರ್ಯಗ್ರಹಣವನ್ನು ಮಸಿ ಹಿಡಿದ ಗಾಜಿನ ರಕ್ಷೆಯಿಲ್ಲದೆ ನೋಡಿದುದರಿಂದ ಒಂದು ಕಣ್ಣಿನ ದೃಷ್ಟಿ ಹೋದುದೂ ಆ ಕಾಲದಲ್ಲಿಯೇ. ಮುಂದೆ ಇಪ್ಪತ್ತು ವರ್ಷ ದೂರದರ್ಶಕದಲ್ಲಿ ನಕ್ಷತ್ರಗಳನ್ನು ನೋಡುತ್ತ ಕಳೆಯಬೇಕಾಗಿದ್ದವನಿಗೆ ಉಳಿದುದು ಒಂದೇ ಕಣ್ಣು.

ನಲವತ್ತು ದಾಟಿದ ಮೇಲೆ, ೩೩ನೆಯ ರೆಜಿಮೆಂಟಿನೊಂದಿಗೆ, ಆತನು ಭಾರತಕ್ಕೆ ಬಂದನು. ಆ ರೆಜಿಮೆಂಟಿನ ನಾಯಕನು ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ. ೧೭೯೯ರಲ್ಲಿ ಕಂಪೆನಿಯ ಸೈನ್ಯ ಟಿಪ್ಪು ಸುಲ್ತಾನನ ಮೇಲೆ ನಡೆದಾಗ ಲ್ಯಾಂಬ್ಟನ್ ಜನರಲ್ ಬೇರ್ಡನ ಕೈಕೆಳಗೆ ಇದ್ದನು. ಏಪ್ರಿಲ್ ತಿಂಗಳ ಒಂದು ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ತೋಪೊಂದನ್ನು ಶೋಧಿಸಿ ಮರಳುತ್ತಿದ್ದ ಬೇರ್ಡನ ದಳವು ಕತ್ತಲೆಯಲ್ಲಿ ದಿಕ್ಕು ತಪ್ಪಿ, ತನ್ನ ಪಾಳೆಯವೆಂದುಕೊಂಡು ಶತ್ರುವಿನ ಪಾಳೆಯದ ಕಡೆಗೇ ಹೆಜ್ಜೆಹಾಕುತ್ತಿದ್ದಿತು. ತಲೆಯೆತ್ತಿ ನಕ್ಷತ್ರಗಳನ್ನು ನೋಡಿದ ಲ್ಯಾಂಬ್ಟನ್ನನು ಇದನ್ನು ಅರಿತು ಜನರಲ್ಲನಿಗೆ ತಿಳಿಸಿದನು. ಮೊದಲು ನಂಬದ ಬೇರ್ಡನು ದಿಕ್ಸೂಚಿಯನ್ನು ನೋಡಿ ಖಚಿತಮಾಡಿಕೊಂಡು ದಳವನ್ನು ತಿರುಗಿಸಿದನಂತೆ. ಹಿಡಿದ ದಿಕ್ಕನ್ನು ಮತ್ತೊಂದು ಸಾಕ್ಷಿಯಿಂದ ಪರೀಕ್ಷಿಸದೆ ನಂಬಬಾರದೆಂಬ ಪಾಠವನ್ನು ಆತ ಕಲಿತುದು ಅಲ್ಲಿಯೋ, ಅದಕ್ಕೂ ಮುಂಚೆಯೋ ಹೇಳಲಾರೆ. ಆದರೆ ಆತನ ಮುಂದಿನ ಬಾಳೆಲ್ಲ ಆ ಪಾಠದ ವಿಸ್ತರಣೆಯೆಂದು ನನಗೆ ತೋರುತ್ತದೆ.

ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಮೈಸೂರು ಸೀಮೆಯ ನೆಲವನ್ನು ಅಳೆದು ಪಟ ತಯಾರಿಸುವ ಕಾರ್ಯವನ್ನು ಕಾಲಿನ್ ಮೆಕೆಂಜಿಗೆ ವಹಿಸಲಾಯಿತು. ಲ್ಯಾಂಬ್ಟನ್ ಮುಂದಿಟ್ಟುದು ಬೇರೆಯೇ ಬಗೆಯ ಯೋಜನೆ. ಕೋರಮಂಡಲ ತೀರದಿಂದ ಮಲಬಾರ್ ತೀರದವರೆಗೆ ತ್ರಿಕೋನಗಳ ಸರಣಿಯನ್ನು ಹೆಣೆದು ಊರು, ಬೆಟ್ಟ, ಕೋಟೆಗಳ ಸ್ಥಾನಗಳನ್ನು ನಿಖರವಾಗಿ ನಿರ್ಧರಿಸುವುದು. ಅದರ ಜೊತೆಗೆ ಉತ್ತರ ದಕ್ಷಿಣವಾಗಿಯೂ ಒಂದು ಸರಣಿಯನ್ನು ಒಯ್ದು ಭೂಮಿಯ ಆಕಾರವನ್ನೇ ಕಂಡುಹಿಡಿಯುವುದು. ಕಂಪೆನಿಯ ಸರ್ಕಾರಕ್ಕೆ ಮೊದಲನೆಯದರ ಉಪಯೋಗ ಸ್ಪಷ್ಟವಾಗಿದ್ದಿತು. ಗೆದ್ದ ರಾಜ್ಯವನ್ನು ಆಳಲು ಪಟ ಬೇಕು, ದಂಡು ನಡೆಸಲು ಪಟ ಬೇಕು, ಕಂದಾಯ ವಸೂಲಿಗೂ ಪಟ ಬೇಕು. ಈ ಮಹತ್ಕಾರ್ಯದ ಬೇರು ಪರರಾಜ್ಯದ ಲೋಭದಲ್ಲಿತ್ತೆಂಬುದನ್ನು ನಾವು ಮರೆಯುವಂತಿಲ್ಲ. ಎರಡನೆಯ ಉದ್ದೇಶ ಮಾತ್ರ ಲ್ಯಾಂಬ್ಟನ್ನನ ಸ್ವಂತದ್ದು. ವಿರೋಧವೂ ಇಲ್ಲದಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವ ಬೋಯಿಗಳಿಗೆ ಊರಿನ ಹೆಸರು ಹೇಳಿದರೆ ಸಾಲದೆ, ಅದಕ್ಕೇಕೆ ಇಷ್ಟು ಖರ್ಚು ಎಂದು ಮದರಾಸಿನ ಅಧಿಕಾರಿಯೊಬ್ಬನು ಹಾಸ್ಯ ಮಾಡಿದನಂತೆ. ಆದರೂ ವೆಲ್ಲೆಸ್ಲಿಯ ಬೆಂಬಲದಿಂದ ೧೮೦೦ರಲ್ಲಿ ಅನುಮತಿ ದೊರೆಯಿತು.

ಉಪಕರಣಗಳು ಕೂಡಿಬಂದ ಕಥೆಯೇ ಒಂದು ಸ್ವಾರಸ್ಯ. ನೂರು ಅಡಿಯ ಉಕ್ಕಿನ ಸರಪಣಿಯೂ, ನಕ್ಷತ್ರಗಳನ್ನು ನೋಡುವ ಒಂದು ದೊಡ್ಡ ಯಂತ್ರವೂ ಲಂಡನ್ನಿನ ರಾಮ್ಸ್‌ಡನ್ನನ ಕೈಕೆಲಸ. ೧೭೯೩ರಲ್ಲಿ ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ರಾಯಭಾರಿ ಮೆಕಾರ್ಟ್ನಿಯು ಒಯ್ದಿದ್ದ ವಸ್ತುಗಳಲ್ಲಿ ಇವೂ ಇದ್ದುವು. ಚಕ್ರವರ್ತಿಗೆ ಅವು ಬೇಡವಾದುವು. ಹೀಗೆ ಪೆಕಿಂಗಿನಲ್ಲಿ ತಿರಸ್ಕೃತವಾದ ಸರಪಣಿ ಕಲ್ಕತ್ತೆಯ ಮೂಲಕ ಲ್ಯಾಂಬ್ಟನ್ನನ ಕೈಸೇರಿತು. ಕೋನಗಳನ್ನು ಅಳೆಯುವ ಮಹಾ ಥಿಯೊಡೊಲೈಟು ಕೇರಿ ಎಂಬ ಕುಶಲಿಯು ತಯಾರಿಸಿದುದು. ಅದರ ವೃತ್ತದ ಅಡ್ಡಳತೆ ಮೂರು ಅಡಿ, ಪೆಟ್ಟಿಗೆ ಸಹಿತ ತೂಕ ಸುಮಾರು ಅರ್ಧ ಟನ್ನು. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಆದರೆ ಇದು ಯುದ್ಧದ ಸಾಮಗ್ರಿಯಲ್ಲ, ವಿದ್ಯೆಯ ಸಾಮಗ್ರಿ ಎಂದು ತಿಳಿದ ಮೇಲೆ ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟರು.

ತ್ರಿಕೋನಮಾಪನದ ತತ್ತ್ವ ನಮ್ಮ ಪ್ರೌಢಶಾಲೆಯ ಗಣಿತವೇ. ಒಂದು ಭುಜವನ್ನೂ ಕೋನಗಳನ್ನೂ ತಿಳಿದರೆ ಉಳಿದೆರಡು ಭುಜಗಳು ಲೆಕ್ಕದಿಂದಲೇ ದೊರೆಯುತ್ತವೆ. ಆ ಭುಜಗಳ ಮೇಲೆ ಇನ್ನೊಂದು ತ್ರಿಕೋನವನ್ನು ಕಟ್ಟಬಹುದು. ಆದುದರಿಂದ ಮೊದಲನೆಯ ಒಂದು ಭುಜವನ್ನು ಮಾತ್ರ ನೆಲದ ಮೇಲೆ ನಿಜವಾಗಿ ಅಳೆಯಬೇಕು. ಇದಕ್ಕೆ ಆಧಾರರೇಖೆ ಎಂದು ಹೆಸರು. ಲ್ಯಾಂಬ್ಟನ್ ೧೮೦೦ರ ಕೊನೆಯಲ್ಲಿ ಬೆಂಗಳೂರಿನ ಬಳಿ ಒಂದು ರೇಖೆಯನ್ನು ಅಳೆದು ಕೈ ಪಳಗಿಸಿಕೊಂಡನು. ಬಳಿಕ ೧೮೦೨ರ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮುಖ್ಯವಾದ ಆಧಾರರೇಖೆಯ ಕೆಲಸವನ್ನು ಆರಂಭಿಸಿದನು. ಸರಪಣಿಯನ್ನು ನೆಲದ ಮೇಲೆ ಎಳೆಯದೆ, ಮುಕ್ಕಾಲಿಗಳ ಮೇಲಿಟ್ಟ ಮರದ ತೊಟ್ಟಿಗಳಲ್ಲಿ ಮಲಗಿಸಿ, ಮೇಲೆ ಡೇರೆ ಹಾಕಿ, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತೆಂಬುದನ್ನು ಉಷ್ಣಮಾಪಕಗಳಿಂದ ತಿಳಿದು, ಅದನ್ನೂ ಲೆಕ್ಕಕ್ಕೆ ಹಿಡಿದು, ನಾನೂರು ಸಲ ಸರಪಣಿ ಹಾಸಿ ಏಳೂವರೆ ಮೈಲಿ ಅಳೆದರು. ಬಂದ ಉದ್ದ ೪೦,೦೦೬.೪೪ ಅಡಿ.

ಅಲ್ಲಿಂದ ತ್ರಿಕೋನಗಳು ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತ ಪಶ್ಚಿಮಕ್ಕೆ ಬಂದುವು. ಅವು ಬೆಂಗಳೂರನ್ನು ಮುಟ್ಟಿದಾಗ ಲೆಕ್ಕವನ್ನು ಪರೀಕ್ಷಿಸಲು ೧೮೦೪ರಲ್ಲಿ ಆತನ ಸಹಾಯಕನಾದ ಜಾನ್ ವಾರೆನ್ನನು ಇಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದನು. ಕೋಲಾರದ ಚಿನ್ನದ ನೆಲವನ್ನು ೧೮೦೨ರಲ್ಲಿ ಪರಿಶೀಲಿಸಿ ವರದಿ ಮಾಡಿದವನೂ ಈ ವಾರೆನ್ನನೇ. ಮದರಾಸಿನಿಂದ ನೂರಾರು ಮೈಲಿ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ನೆಲದ ಮೇಲೆ ಅಳೆದುದಕ್ಕೂ ಏಳು ಮೈಲಿಯಲ್ಲಿ ಕಂಡ ವ್ಯತ್ಯಾಸ ನಾಲ್ಕು ಅಂಗುಲವೂ ಇರಲಿಲ್ಲ! ಸರಣಿಯು ಘಟ್ಟವನ್ನು ಇಳಿದು ಮಂಗಳೂರಿನ ಕಡಲನ್ನು ಸೇರಿದಾಗ ಮದರಾಸಿಗೂ ಮಂಗಳೂರಿಗೂ ನಡುವೆ ಸುಮಾರು ೪೦೦ ಮೈಲಿಯೆಂದು ಪಟಗಳಲ್ಲಿ ಬರೆದಿದ್ದುದು ೩೬೦ ಮೈಲಿ ಮಾತ್ರವೆಂದು ತಿಳಿಯಿತು. ಆ ಘಟ್ಟದ ಕಾಡುಗಳಲ್ಲಿ ದುಡಿದ ಇನ್ನೊಬ್ಬ ಸಹಾಯಕ ಹೆನ್ರಿ ಕೇಟರ್. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ ಈತನು ೧೮೧೭ರಲ್ಲಿ ಗುರುತ್ವದ ಬಲವನ್ನು ನಿಖರವಾಗಿ ಅಳೆಯುವ ಲೋಲಕವನ್ನು ರಚಿಸಿ ಕೀರ್ತಿಶಾಲಿಯಾದನು. ಭೌತಶಾಸ್ತ್ರದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ತೂಗಾಡಿಸುವ ಕೇಟರನ ಲೋಲಕ ಇದೇ. ಇನ್ನು ಥಿಯೊಡೊಲೈಟನ್ನು ಬೆಟ್ಟಗಳ ನೆತ್ತಿಗೆ ಹೊತ್ತ, ಬಾವುಟ ಹಿಡಿದು ಬಿಸಿಲಿನಲ್ಲಿ ನಿಂತ, ಕಾಡುಜ್ವರದಿಂದ ಸತ್ತ ನಮ್ಮ ನಾಡಿನ ಕಲಾಸಿಗಳ ಪಾಲಿಗೆ ಅಂಥ ಕೀರ್ತಿ ಬರಲಿಲ್ಲ. ಲ್ಯಾಂಬ್ಟನ್ನನ ಕೀರ್ತಿಯಲ್ಲಿ ಅವರ ಹೆಗಲಿಗೂ ಪಾಲುಂಟು.

ಇನ್ನು ಆತನ ಬಾಳಿನ ತಿರುಳಿಗೆ ಬರೋಣ. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿದೆಯೆಂದು ನ್ಯೂಟನ್ನನು ತರ್ಕಿಸಿದ್ದನು. ಅದು ನಿಜವಾದರೆ ಅಕ್ಷಾಂಶದ ಒಂದು ಡಿಗ್ರಿಯ ಉದ್ದವು ಸಮಭಾಜಕದಿಂದ ಧ್ರುವದ ಕಡೆಗೆ ಹೋದಂತೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಬೇಕು. ಇಂದಿನ ಲೆಕ್ಕದಂತೆ ಸಮಭಾಜಕದ ಬಳಿ ಅದು ೧೧೦.೬ ಕಿಲೊಮೀಟರು, ಧ್ರುವದ ಬಳಿ ೧೧೧.೭. ಉತ್ತರ ದಕ್ಷಿಣವಾದ ಉದ್ದವೊಂದನ್ನು ನೆಲದ ಮೇಲೆ ತ್ರಿಕೋನಗಳಿಂದ ಅಳೆದು, ಅದರ ಎರಡು ತುದಿಗಳ ಅಕ್ಷಾಂಶಗಳನ್ನು ಆಕಾಶದಿಂದ ತಿಳಿದರೆ ಒಂದು ಡಿಗ್ರಿಗೆ ಎಷ್ಟು ಅಡಿ ಎಂಬುದು ದೊರೆಯುತ್ತದೆ. ಆಕಾಶದಿಂದ ತಿಳಿಯುವ ಬಗೆ ಹೀಗೆ: ನಮ್ಮ ನೆತ್ತಿಯ ನೇರಕ್ಕೆ ಆಕಾಶದಲ್ಲಿರುವ ಬಿಂದು ಖಮಧ್ಯ. ಒಂದು ನಕ್ಷತ್ರವು ಉತ್ತರ ದಕ್ಷಿಣ ರೇಖೆಯನ್ನು ದಾಟುವಾಗ ಖಮಧ್ಯದಿಂದ ಎಷ್ಟು ಕೋನದಲ್ಲಿದೆ ಎಂದು ಎರಡು ಠಾಣೆಗಳಲ್ಲಿಯೂ ಅಳೆದರೆ ಆ ಕೋನಗಳ ವ್ಯತ್ಯಾಸವೇ ಅಕ್ಷಾಂಶಗಳ ವ್ಯತ್ಯಾಸ. ರಾಮ್ಸ್‌ಡನ್ನನ ಯಂತ್ರವು ಮಾಡುತ್ತಿದ್ದುದು ಈ ಕೆಲಸವನ್ನೇ. ಆದರೆ ಖಮಧ್ಯ ಎಲ್ಲಿದೆಯೆಂದು ಆ ಯಂತ್ರಕ್ಕೆ ಹೇಳಿಕೊಡುವವರು ಯಾರು? ಅದರೊಳಗೆ ತೂಗಿಬಿಟ್ಟ ಒಂದು ದಾರ ಮತ್ತು ಗುಂಡು. ಅಂದಮೇಲೆ ಇಷ್ಟೆಲ್ಲ ಸರಪಣಿ, ಥಿಯೊಡೊಲೈಟುಗಳ ನಿಖರತೆಯೂ ಕಡೆಗೆ ಗಾರೆಯವನ ತೂಗುಗುಂಡಿನ ಮೇಲೆ ನಿಂತಿದ್ದಿತು.

ತೂಗುಗುಂಡು ಪಕ್ಕಕ್ಕೆ ಸರಿಯಬಹುದೆಂಬುದು ಆಗಲೇ ಗೊತ್ತಿದ್ದ ವಿಷಯ. ದ್ರವ್ಯವು ದ್ರವ್ಯವನ್ನು ಸೆಳೆಯುತ್ತದೆಯಾದುದರಿಂದ ದೊಡ್ಡ ಪರ್ವತದ ಪಕ್ಕದಲ್ಲಿ ಗುಂಡು ಅದರ ಕಡೆಗೆ ವಾಲಬೇಕು. ೧೭೭೪ರಲ್ಲಿ ಮ್ಯಾಸ್ಕೆಲಿನ್ ಎಂಬ ಖಗೋಳಜ್ಞನು ಸ್ಕಾಟ್ಲೆಂಡಿನ ಶಿಹೇಲಿಯನ್ ಬೆಟ್ಟದ ಎರಡು ಮಗ್ಗುಲಲ್ಲಿಯೂ ನೋಡಿ, ಎರಡೂ ಕಡೆಯ ವಾಲುವಿಕೆ ಸೇರಿ ೧೧.೬ ಸೆಕೆಂಡುಗಳಾಗುವುದನ್ನು ಕಂಡಿದ್ದನು. ಆದುದರಿಂದ ಮಾಪಕರು ಪರ್ವತಗಳಿಂದ ದೂರವಾಗಿ, ಬಯಲಿನಲ್ಲಿ ಠಾಣೆ ಹೂಡುತ್ತಿದ್ದರು. ಬೆಂಗಳೂರಿನ ಬಳಿ ದೊಡ್ಡಗುಂಟೆ ಎಂಬಲ್ಲಿ ೧೮೦೫ರ ಸುಮಾರಿನಲ್ಲಿ ಲ್ಯಾಂಬ್ಟನ್ ಹೂಡಿದ ಠಾಣೆ ಅಂಥದೇ. ಪಕ್ಕದಲ್ಲಿ ದೊಡ್ಡ ಪರ್ವತವಿಲ್ಲ. ಹವೆ ಹಿತಕರ, ಆಕಾಶ ನಿರ್ಮಲ. ಅಲ್ಲಿ ಹಲವು ರಾತ್ರಿಗಳು ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ನಿರ್ಧರಿಸಿದನು. ಆದರೆ ದಕ್ಷಿಣದ ಠಾಣೆಗಳನ್ನೂ ಉತ್ತರದ ಠಾಣೆಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ದೊಡ್ಡಗುಂಟೆಯ ಒಂದು ಮಗ್ಗುಲಿನ ಡಿಗ್ರಿಗೂ ಇನ್ನೊಂದು ಮಗ್ಗುಲಿನ ಡಿಗ್ರಿಗೂ ಹೊಂದಿಕೆಯೇ ಆಗಲಿಲ್ಲ.

ಇದು ಎಷ್ಟು ದೊಡ್ಡ ಆಪತ್ತೆಂಬುದನ್ನು ಅಂಕಿಗಳಿಂದ ನೋಡಬಹುದು. ಕೋನದಲ್ಲಿ ಒಂದು ಸೆಕೆಂಡು ತಪ್ಪಿದರೆ ನೆಲದ ಮೇಲೆ ಸುಮಾರು ನೂರು ಅಡಿ ತಪ್ಪಿದಂತೆ. ಕನ್ಯಾಕುಮಾರಿಯಿಂದ ಬೀದರಿನ ಅಕ್ಷಾಂಶದವರೆಗೆ ಹತ್ತು ಡಿಗ್ರಿ ಉತ್ತರಕ್ಕೆ ಹೋದರೆ ಒಂದು ಡಿಗ್ರಿಯ ಉದ್ದದಲ್ಲಿ ಆಗುವ ಹೆಚ್ಚಳ ೨೮೦ ಅಡಿಗಳಷ್ಟು ಮಾತ್ರ. ಗುಂಡು ಮೂರು ಸೆಕೆಂಡು ಪಕ್ಕಕ್ಕೆ ವಾಲಿದರೆ ಸಾಕು, ಆತನು ಹುಡುಕುತ್ತಿದ್ದ ಸತ್ಯವೆಲ್ಲ ಅದರಲ್ಲಿ ಮುಳುಗಿಹೋಗುತ್ತಿದ್ದಿತು. ಸರಪಣಿಯಲ್ಲಿ ಅಂಗುಲವನ್ನು ಉಳಿಸಿ ಗುಂಡಿನಲ್ಲಿ ನೂರಾರು ಅಡಿ ಕಳೆದುಕೊಳ್ಳುವ ವಿಪರೀತವಿದು.

ಇಂಥ ಇಕ್ಕಟ್ಟಿನಲ್ಲಿ ಮನುಷ್ಯನಿಗೆ ಸುಲಭವಾದ ದಾರಿಗಳು ಎರಡು. ಬೇಡವಾದ ಅಂಕಿಯನ್ನು ಸದ್ದಿಲ್ಲದೆ ಬಿಟ್ಟುಬಿಡುವುದು ಒಂದು. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದು ಮೌನವಾಗಿರುವುದು ಇನ್ನೊಂದು. ಮದರಾಸಿನಲ್ಲಾಗಲಿ ಕಲ್ಕತ್ತೆಯಲ್ಲಾಗಲಿ ಆ ಲೆಕ್ಕವನ್ನು ತಿದ್ದಬಲ್ಲವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಲ್ಯಾಂಬ್ಟನ್ ಎರಡನ್ನೂ ಮಾಡಲಿಲ್ಲ. ತನ್ನ ಯಂತ್ರವನ್ನೂ ಗಣಿತವನ್ನೂ ಪುನಃ ಪರಿಶೀಲಿಸಿ, ದೋಷ ಅಲ್ಲಿಲ್ಲವೆಂದು ಮನಗಂಡು, ಬಯಲಿನಡಿಯಲ್ಲಿ ಎಲ್ಲಿಯೋ ಹುದುಗಿರುವ ಹೆಚ್ಚು ಸಾಂದ್ರವಾದ ಖನಿಜದ ಪದರವು ಗುಂಡನ್ನು ತನ್ನೆಡೆಗೆ ಸೆಳೆಯುತ್ತಿರಬೇಕೆಂದು ಊಹಿಸಿದನು. ಊಹೆಯನ್ನು ಊಹೆಯಾಗಿಯೇ ಬಿಡದೆ ಪಾವಗಡದಲ್ಲಿಯೂ ಅದರಾಚೆ ಉತ್ತರದಲ್ಲಿಯೂ ಹೊಸ ಠಾಣೆಗಳನ್ನು ಹೂಡಿ, ಮತ್ತೆ ರಾತ್ರಿಗಟ್ಟಲೆ ನಕ್ಷತ್ರಗಳನ್ನು ನೋಡಿದನು. ಉಳಿದ ಠಾಣೆಗಳು ಪರಸ್ಪರ ಹೊಂದಿದುವು. ಹೊಂದದೆ ನಿಂತುದು ದೊಡ್ಡಗುಂಟೆಯೊಂದೇ. ಆ ಮೇಲೆಯೇ ಅದನ್ನು ಮುಖ್ಯ ಲೆಕ್ಕದಿಂದ ಹೊರಗಿಟ್ಟನು. ಹೊರಗಿಟ್ಟುದನ್ನೂ ಅದರ ಕಾರಣವನ್ನೂ ಏಷ್ಯಾಟಿಕ್ ಸೊಸೈಟಿಯ ಸಂಪುಟಗಳಲ್ಲಿ ಎಲ್ಲರಿಗೂ ಕಾಣುವಂತೆ ಅಚ್ಚುಹಾಕಿಸಿದನು. ಕಣ್ಣಿಗೆ ಕಾಣುವ ಬೆಟ್ಟವಿಲ್ಲದಿದ್ದರೂ ಕಾಣದ ನೆಲದೊಳಗಿನ ದ್ರವ್ಯವು ಕೆಳಗು ಎಂಬುದನ್ನು ತಿರುಗಿಸಬಲ್ಲದು ಎಂಬ ಅರಿವು ಹೀಗೆ ನಮ್ಮ ನೆಲದ ಮೇಲೆ ಒಂದು ಮುಖ್ಯವಾದ ಹೆಜ್ಜೆಯನ್ನಿಟ್ಟಿತು.

ಆತನ ತಾಳ್ಮೆಗೆ ಇನ್ನೂ ಒಂದು ಪರೀಕ್ಷೆ ಕಾದಿದ್ದಿತು. ೧೮೦೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಥಿಯೊಡೊಲೈಟನ್ನು ಏರಿಸುತ್ತಿರುವಾಗ ಹಗ್ಗ ಹರಿದು ಯಂತ್ರವು ಗೋಡೆಗೆ ಬಡಿದು ಅದರ ವೃತ್ತವೇ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೆಲಸ ಮುಗಿಯಿತೆಂದು ಕೈಚೆಲ್ಲುತ್ತಿದ್ದರು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು, ಯಂತ್ರವನ್ನು ಬಿಚ್ಚಿ, ಹಲಗೆಯ ಮೇಲೆ ಸರಿಯಾದ ಅಳತೆಯ ವೃತ್ತವನ್ನು ಕೊರೆದು, ಬೆಣೆ ತಿರುಪುಗಳಿಂದ ಲೋಹದ ಬಳೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎಳೆದು ಆರು ವಾರಗಳಲ್ಲಿ ಅದನ್ನು ಮೊದಲಿನ ಆಕಾರಕ್ಕೆ ತಂದನು. ೧೮೦೯ರಲ್ಲಿ ಸರಣಿಯು ಕನ್ಯಾಕುಮಾರಿಯ ನೆರೆಯನ್ನು ತಲಪಿತು. ಬಳಿಕ ಉತ್ತರಕ್ಕೆ ತಿರುಗಿ ೧೮೧೫ರಲ್ಲಿ ಬೀದರಿನ ಬಳಿಯ ದಾಮರಗಿದ್ದವನ್ನು ಮುಟ್ಟಿತು. ಎಂಟನೆಯ ಅಕ್ಷಾಂಶದಿಂದ ಹದಿನೆಂಟನೆಯದರವರೆಗೆ, ಸುಮಾರು ಹತ್ತು ಡಿಗ್ರಿಗಳ ಆ ಉದ್ದದ ರೇಖೆಯನ್ನು ಆತನು ಅಳೆದು ಮುಗಿಸಿದನು.

ಕೀರ್ತಿ ತಡವಾಗಿ ಬಂದಿತು. ೧೮೧೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ಗೌರವಿಸಿತು. ೧೮೧೮ರ ಜನವರಿಯಲ್ಲಿ ಆತನ ಇಲಾಖೆಯು ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ ಎಂಬ ಹೆಸರನ್ನು ಪಡೆದು ಗವರ್ನರ್ ಜನರಲ್ಲನ ನೇರ ಅಧೀನಕ್ಕೆ ಬಂದಿತು. ಅದೇ ವರ್ಷ ತರುಣನಾದ ಎವರೆಸ್ಟನು ಆತನ ಸಹಾಯಕನಾಗಿ ಸೇರಿದನು. ಹೈದರಾಬಾದಿನಲ್ಲಿ ನೆಲೆಮಾಡಿ, ಅಲ್ಲಿಯೇ ಮಕ್ಕಳುಮರಿಗಳನ್ನು ಪಡೆದ ಈ ಮುದುಕನು ಸ್ವದೇಶಕ್ಕೆ ಹಿಂದಿರುಗುವ ಮಾತನ್ನೇ ಎತ್ತಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ಕ್ಷಯ ಬಡಿದ ಎದೆಯನ್ನು ಹೊತ್ತು, ಕೆಲಸದ ಠಾಣ್ಯವನ್ನು ಉತ್ತರಕ್ಕೆ ಬದಲಾಯಿಸಲೆಂದು ನಾಗಪುರದ ಕಡೆಗೆ ಹೊರಟನು. ೧೮೨೩ರ ಜನವರಿ ೨೦ರಂದು, ನಾಗಪುರಕ್ಕೆ ದಕ್ಷಿಣದಲ್ಲಿರುವ ಹಿಂಗನಘಾಟಿನಲ್ಲಿ, ದಾರಿಯ ಡೇರೆಯಲ್ಲಿಯೇ ತೀರಿಕೊಂಡನು. ಆತನ ಸಮಾಧಿ ಅಲ್ಲಿದೆ. ಆ ವೇಳೆಗೆ ತ್ರಿಕೋನಗಳ ಬಲೆಯೊಳಗೆ ಬಂದಿದ್ದ ನೆಲ ೧,೬೫,೩೪೨ ಚದರ ಮೈಲಿ.

ಆತನೊಡನೆ ಆ ಪ್ರಶ್ನೆ ಸಾಯಲಿಲ್ಲ. ಎವರೆಸ್ಟನು ಸರಣಿಯನ್ನು ಹಿಮಾಲಯದ ಅಡಿಯವರೆಗೆ ಒಯ್ದಾಗ ಮಧ್ಯಭಾರತದ ಕಲಿಯಾನಪುರಕ್ಕೂ ಉತ್ತರದ ಕಲಿಯಾನಕ್ಕೂ ನಡುವಣ ಅಕ್ಷಾಂಶ ವ್ಯತ್ಯಾಸವು ನೆಲದ ಲೆಕ್ಕದಲ್ಲಿ ಒಂದು, ನಕ್ಷತ್ರದ ಲೆಕ್ಕದಲ್ಲಿ ಇನ್ನೊಂದು ಬಂದಿತು, ಎರಡಕ್ಕೂ ೫.೨೪ ಸೆಕೆಂಡುಗಳ ಅಂತರ. ಹಿಮಾಲಯದ ಸೆಳೆತವೇ ಕಾರಣವಿರಬೇಕೆಂದು ಕಲ್ಕತ್ತೆಯ ಪಾದ್ರಿ ಪ್ರಾಟನು ಲೆಕ್ಕ ಹಾಕಿದರೆ ಅಷ್ಟು ದೊಡ್ಡ ಪರ್ವತರಾಶಿ ಸುಮಾರು ೧೫.೯ ಸೆಕೆಂಡುಗಳಷ್ಟು ವ್ಯತ್ಯಾಸವನ್ನು ತರಬೇಕಿತ್ತು! ಇದ್ದುದು ಅದರ ಮೂರನೆಯ ಒಂದು ಭಾಗ. ಪರ್ವತಗಳ ಬೇರು ಹಗುರವಾದ ಶಿಲೆಯಾಗಿ ಆಳಕ್ಕೆ ಇಳಿದಿರುವುದರಿಂದಲೇ ಅವುಗಳ ಸೆಳೆತ ಕಡಿಮೆಯೆಂದು ೧೮೫೫ರಲ್ಲಿ ಏರಿಯು ವಿವರಿಸಿದನು. ನೀರಿನಲ್ಲಿ ಮರದ ದಿಮ್ಮಿ ತೇಲುವಂತೆ ಭೂಮಿಯ ಹೊರಪದರವು ಒಳಗಿನ ಸಾಂದ್ರ ದ್ರವ್ಯದ ಮೇಲೆ ತೇಲುತ್ತಿದೆಯೆಂಬ ಮಹಾತತ್ತ್ವವು ಹುಟ್ಟಿದುದು ಐದು ಸೆಕೆಂಡುಗಳ ಹೊಂದದಿಕೆಯಿಂದ. ದೊಡ್ಡಗುಂಟೆಯ ಹೊಂದದಿಕೆಯನ್ನು ಬಚ್ಚಿಡದೆ ಬರೆದಿಟ್ಟವನ ಪರಂಪರೆಯಲ್ಲಿಯೇ ಇದು ಸಾಧ್ಯವಾಯಿತೆಂದು ನನ್ನ ಭಾವನೆ.

ಇಂದು ವಿಜ್ಞಾನಿಗಳು ಗುರುತ್ವವನ್ನು ಪರಿಮಾಣವೂ ದಿಕ್ಕೂ ಉಳ್ಳ ಸದಿಶವೆಂದು ಬರೆಯುತ್ತಾರೆ. ಬರೆಯುವ ಮೊದಲು ಅಕ್ಷಗಳನ್ನು ಗೊತ್ತುಮಾಡಬೇಕು. ನಿಂತ ಸ್ಥಳದಲ್ಲಿ ಒಂದಕ್ಷ ಉತ್ತರಕ್ಕೆ, ಒಂದು ಪೂರ್ವಕ್ಕೆ. ಮೂರನೆಯದು ಮೇಲಕ್ಕೋ ಕೆಳಕ್ಕೋ? ಮೇಲಕ್ಕೆ ಎಂದರೆ ಗುರುತ್ವ ಋಣ ಸಂಖ್ಯೆ, ಕೆಳಕ್ಕೆ ಎಂದರೆ ಧನ ಸಂಖ್ಯೆ. ಎರಡೂ ರೂಢಿಯಲ್ಲಿವೆ, ಯಾವುದನ್ನು ಹಿಡಿದೆವೆಂದು ಹೇಳದಿದ್ದರೆ ಒಬ್ಬನ ಲೆಕ್ಕ ಇನ್ನೊಬ್ಬನಿಗೆ ತಲೆಕೆಳಗು. ಇದಕ್ಕಿಂತ ಸೂಕ್ಷ್ಮವಾದುದು ಮತ್ತೊಂದು ಪ್ರಶ್ನೆ. ಆ ಮೂರನೆಯ ಅಕ್ಷವನ್ನು ತೂಗುಗುಂಡಿನ ದಾರಕ್ಕೆ ಹೊಂದಿಸಬೇಕೆ, ಅಥವಾ ಭೂಮಿಗೆ ಬದಲಾಗಿ ನಾವು ಕಲ್ಪಿಸಿಕೊಂಡ ನುಣುಪಾದ ಚಪ್ಪಟೆಗೋಳದ ಮೈಗೆ ಲಂಬವಾಗಿ ನಿಲ್ಲಿಸಬೇಕೆ? ದಾರಕ್ಕೆ ಹೊಂದಿಸಿದರೆ ಗುರುತ್ವವೆಲ್ಲ ಒಂದೇ ಅಕ್ಷದ ಮೇಲೆ ಬೀಳುತ್ತದೆ. ಉತ್ತರ ಪೂರ್ವಗಳ ಪಾಲು ಸೊನ್ನೆ. ಗೋಳಕ್ಕೆ ಹೊಂದಿಸಿದರೆ ಉತ್ತರಕ್ಕೂ ಪೂರ್ವಕ್ಕೂ ಒಂದೊಂದು ಸಣ್ಣ ಪಾಲು ಬರುತ್ತದೆ. ಐದು ಸೆಕೆಂಡುಗಳ ವಾಲಿಕೆಗೆ ಆ ಪಾಲು ಒಟ್ಟು ಗುರುತ್ವದ ನಲವತ್ತು ಸಾವಿರದಲ್ಲಿ ಒಂದು ಭಾಗ. ಲ್ಯಾಂಬ್ಟನ್ನನನ್ನು ಕಾಡಿದುದು ಇಷ್ಟೇ ಚಿಕ್ಕದಾದ ಪಾಲು. ಅದರ ಚಿಹ್ನೆಯಲ್ಲಿಯೂ ಎಚ್ಚರ ಬೇಕು. ದಾರ ತೋರುವ ಖಮಧ್ಯವು ಉತ್ತರಕ್ಕೆ ಸರಿದರೆ ಧನವೆಂದು ರೂಢಿ. ಆದರೆ ದಾರದ ಮೇಲಿನ ನೇರವು ಉತ್ತರಕ್ಕೆ ಸರಿಯಬೇಕಾದರೆ ಕೆಳಗಿನ ಗುಂಡು ದಕ್ಷಿಣಕ್ಕೆ ಸರಿದಿರಬೇಕು ತಾನೆ?

ಇದು ಪಂಡಿತರ ಕೂದಲು ಸೀಳುವ ವಾದವೆಂದು ಯಾರೂ ತಿಳಿಯಬಾರದು. ಉಪಗ್ರಹಗಳ ನೆರವಿನಿಂದ ಇಂದು ನಮ್ಮ ಕೈಯ ಫೋನೂ ಸ್ಥಳವನ್ನು ಹೇಳುತ್ತದೆ. ಆ ಲೆಕ್ಕದ ಅಕ್ಷಗಳು ಭೂಮಿಯ ಕೇಂದ್ರದಲ್ಲಿವೆ: ಒಂದು ಉತ್ತರ ಧ್ರುವದ ಕಡೆಗೆ, ಒಂದು ಸಮಭಾಜಕವೂ ಗ್ರೀನಿಚ್ ರೇಖೆಯೂ ಕೂಡುವಲ್ಲಿಗೆ, ಇನ್ನೊಂದು ಅದರಿಂದ ತೊಂಬತ್ತು ಡಿಗ್ರಿ ಪೂರ್ವಕ್ಕೆ. ಅದು ಮೂಲದಲ್ಲಿ ಲೆಕ್ಕ ಹಾಕುವ ಎತ್ತರವು ಕಲ್ಪಿತ ಗೋಳದ ಮೇಲಣ ಎತ್ತರ. ಆದರೆ ಕಾಲುವೆಯ ನೀರು ಆ ಗೋಳವನ್ನು ಅರಿಯದು. ಅದು ಹರಿಯುವುದು ತೂಗುಗುಂಡು ಹೇಳಿದ ಕೆಳಗಿನ ಕಡೆಗೇ. ಸಿಂಹಳದ ದಕ್ಷಿಣದ ಸಾಗರದಲ್ಲಿ ನೀರಿನ ಮಟ್ಟವೇ ಆ ಗೋಳಕ್ಕಿಂತ ಸುಮಾರು ೧೦೬ ಮೀಟರು ಕೆಳಗಿದೆ. ಎರಡು ಕೆಳಗುಗಳ ಭೇದವನ್ನು ಅರಿಯದ ಇಂಜಿನಿಯರನು ನೀರಿಗೆ ತಪ್ಪು ದಾರಿ ತೋರಿಸಿಯಾನು. ಹಾಗೆಂದು ತೂಗುಗುಂಡು ಸುಳ್ಳಾಡಿತೆಂದೂ ಹೇಳುವಂತಿಲ್ಲ. ತಾನಿರುವಲ್ಲಿಯ ಭೂಮಿ ತನ್ನನ್ನು ಹೇಗೆ ಸೆಳೆಯಿತೋ ಹಾಗೆಯೇ ಅದು ಹೇಳಿತು.

ಉತ್ತರ ಹೊಂದದಿದ್ದಾಗ ಚಿಹ್ನೆಯೊಂದನ್ನು ಬದಲಿಸಿ ಹೊಂದಿಸಿಬಿಡುವ ಆಸೆ ಗಣಿತ ಓದುವ ಯಾರಿಗೂ ಹೊಸದಲ್ಲ. ಎರಡು ಸಾಕ್ಷಿಗಳು ಒಪ್ಪದಿದ್ದರೆ ಅವೆರಡರ ನಡುವಿನ ಅಂತರವನ್ನೇ ಮೂರನೆಯ ಸಾಕ್ಷಿಯೆಂದು ಭಾವಿಸಿ ಕಾಪಾಡಬೇಕೆಂಬುದನ್ನು ಲ್ಯಾಂಬ್ಟನ್ ತನ್ನ ದುಡಿಮೆಯಿಂದ ತೋರಿಸಿದನು. ಆತನ ಅನಂತರ ಎವರೆಸ್ಟನು ೧೮೩೦ರಲ್ಲಿ ಭೂಮಿಯ ಚಪ್ಪಟೆತನವನ್ನು ೩೦೦.೮ರಲ್ಲಿ ಒಂದು ಭಾಗವೆಂದು ಗೊತ್ತುಮಾಡಿದನು. ಇಂದಿನ ಬೆಲೆ ೨೯೮.೨೬ರಲ್ಲಿ ಒಂದು. ಅಂಕಿಗಳು ಹೀಗೆ ಕಾಲಕಾಲಕ್ಕೆ ತಿದ್ದಿಕೊಳ್ಳುತ್ತ ಬಂದಿವೆ. ದೊಡ್ಡಗುಂಟೆಯ ಆ ಒಗ್ಗದ ಅಂಕಿ ಮಾತ್ರ ಬರೆದವನು ಬರೆದಿಟ್ಟಂತೆಯೇ ಆ ಹಳೆಯ ಸಂಪುಟದಲ್ಲಿದೆ.